ಕಾಲೇಜಿನ ಆವರಣದಲ್ಲಿ ಫುಟ್‌ಬಾಲ್ ಕ್ರೀಡಾಂಗಣ



ಕ್ರೀಡಾಂಗಣ ಎಂಬ ಮಾತು ಕಿವಿಗೆ ಬಿದ್ದೊಡನೆ ನಿಮ್ಮ ಕಣ್ಣ ಮುಂದೆ ಮೂಡುವ ಚಿತ್ರ ಯಾವುದು? ಮೆಟ್ಟಿಲು ಮೆಟ್ಟಿಲಾಗಿ ಏರುವ ಗ್ಯಾಲರಿ, ಅದರ ತುಂಬ ಬಣ್ಣದ ಕುರ್ಚಿಗಳು, ನಾಲ್ಕು ಮೂಲೆಗಳಲ್ಲಿ ದೀಪದ ಕಂಬಗಳು, ಎದ್ದು ನಿಂತು ಕೂಗುವ ಜನ. ಈ ಚಿತ್ರವನ್ನು ನಿಮ್ಮ ಮನಸ್ಸಿನಲ್ಲಿ ಬಿಡಿಸಿದವರು ನನ್ನಂಥ ಟೆಲಿವಿಷನ್ನಿನವರೇ. ಪಂದ್ಯವೊಂದನ್ನು ಚಿತ್ರೀಕರಿಸುವಾಗ ನಮ್ಮ ಕ್ಯಾಮೆರಾ ಚೆಂಡನ್ನು ಹಿಂಬಾಲಿಸುತ್ತದೆ, ಗೋಲಾದಾಗ ಗ್ಯಾಲರಿಯತ್ತ ತಿರುಗುತ್ತದೆ. ಆಟಗಾರನ ಕಾಲಡಿಯ ನೆಲವನ್ನು ಮಾತ್ರ ಯಾವ ಕ್ಯಾಮೆರಾವೂ ಹತ್ತಿರದಿಂದ ತೋರಿಸುವುದಿಲ್ಲ. ಆದ್ದರಿಂದ ಈ ಹೊತ್ತು ನಾನು ಹೆಚ್ಚಾಗಿ ನೆಲದ ಬಗ್ಗೆಯೇ ಮಾತನಾಡಬೇಕೆಂದಿದ್ದೇನೆ. ಕಾಲೇಜೊಂದರ ಆವರಣದಲ್ಲಿ ಫುಟ್‌ಬಾಲ್ ಕ್ರೀಡಾಂಗಣ ಕಟ್ಟುವುದೆಂದರೆ ಮೊದಲು ಏನನ್ನು ಕಟ್ಟಬೇಕು, ಆಮೇಲೆ ಏನನ್ನು ಎಂಬುದೇ ನಮ್ಮ ಪ್ರಶ್ನೆ.

ಗಾಳಿಯಲ್ಲಿ ಮಾತನಾಡುವ ಬದಲು ಒಂದು ಊರನ್ನು ಎದುರಿಗಿಟ್ಟುಕೊಳ್ಳೋಣ. ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ. 2007ರವರೆಗೆ ಕೋಲಾರ ಜಿಲ್ಲೆಯಲ್ಲಿದ್ದ ಈ ಹೋಬಳಿ ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ. ಸುತ್ತ ಹಿಪ್ಪುನೇರಳೆ ತೋಟಗಳು, ತರಕಾರಿ ಬೆಳೆ, ರೇಷ್ಮೆಹುಳು ಸಾಕುವ ಮನೆಗಳು. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲಿಲ್ಲ. ನೀರೆಂದರೆ ಕೆರೆ, ಇಲ್ಲವೆ ಸಾವಿರ ಅಡಿಗೂ ಮೀರಿ ಇಳಿಯುವ ಕೊಳವೆ ಬಾವಿ. 2017ರಲ್ಲಿ ಆರಂಭವಾದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸ್ವಂತ ಆವರಣ ಕಟ್ಟಲು ಜಾಗ ಗೊತ್ತಾದದ್ದು ಇದೇ ತಾಲ್ಲೂಕಿನ ಅಮರಾವತಿಯ ಬಳಿ. ಹೊಸ ಆವರಣ ಎಂದ ಮೇಲೆ ಇಂದಲ್ಲ ನಾಳೆ ಅಲ್ಲಿ ಆಟದ ಮೈದಾನದ ಪ್ರಶ್ನೆ ಏಳಲೇಬೇಕು. ಅಲ್ಲಿ ಏನು ಕಟ್ಟುತ್ತಾರೆಂದು ನಾನು ಹೇಳುತ್ತಿಲ್ಲ. ಇಂಥ ನೆಲದಲ್ಲಿ, ಇಂಥ ನೀರಿನಲ್ಲಿ, ಇಂಥ ಮನೆಗಳಿಂದ ಬರುವ ಮಕ್ಕಳಿಗಾಗಿ ಕಟ್ಟುವುದಾದರೆ ಹೇಗೆ ಕಟ್ಟಬೇಕು ಎಂದು ಒಟ್ಟಿಗೆ ಲೆಕ್ಕ ಹಾಕೋಣ. ಪೆನ್ನು, ಕಾಗದ ಪಕ್ಕದಲ್ಲಿದ್ದರೆ ಒಳ್ಳೆಯದು.

ಅದಕ್ಕೆ ಮುಂಚೆ ಒಂದು ಹಳೆಯ ಕಥೆ. ಕಾಲೇಜು ಆವರಣದಲ್ಲಿ ಭಾರಿ ಕ್ರೀಡಾಂಗಣ ಕಟ್ಟುವ ಪದ್ಧತಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ ಫುಟ್‌ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೆಯೇ ಆಟವೆಂಬುದು ನಿಮಗೆ ಗೊತ್ತಿರಬಹುದು. 1903ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಉಕ್ಕಿನ ಸರಳು ಹಾಕಿದ ಕಾಂಕ್ರೀಟಿನಲ್ಲಿ, ಕುದುರೆ ಲಾಳದ ಆಕಾರದಲ್ಲಿ, ಒಂದು ಕ್ರೀಡಾಂಗಣ ಕಟ್ಟಿತು. ಆ ಪದಾರ್ಥದಲ್ಲಿ ಅಷ್ಟು ದೊಡ್ಡ ಕಟ್ಟಡ ಅಂದಿಗೆ ಹೊಸ ಸಾಹಸ. 1879ರಲ್ಲಿ ಕಲಿತು ಹೊರಬಂದ ಹಳೆಯ ವಿದ್ಯಾರ್ಥಿಗಳು ಅದಕ್ಕೆ ಒಂದು ಲಕ್ಷ ಡಾಲರ್ ಕೊಟ್ಟಿದ್ದರು. ಆದರೆ ಎರಡೇ ವರ್ಷಗಳಲ್ಲಿ ಒಂದು ತೊಡಕು ಎದುರಾಯಿತು. ಆ ಕಾಲದ ಆಟ ಬಹಳ ಒರಟಾಗಿತ್ತು. ಆಟಗಾರರು ಗುಂಪಾಗಿ ಒಬ್ಬರ ಮೇಲೊಬ್ಬರು ಬಿದ್ದು ಸಾಯುವವರೆಗೂ ಹೋಗುತ್ತಿತ್ತು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರೇ ಮಧ್ಯೆ ಬಂದು ನಿಯಮ ತಿದ್ದಿರೆಂದು ಹೇಳಬೇಕಾಯಿತು. ಮೈದಾನವನ್ನು ಅಗಲ ಮಾಡಿದರೆ ಆಟಗಾರರು ಚದುರುತ್ತಾರೆ, ಗುದ್ದಾಟ ಕಡಿಮೆಯಾಗುತ್ತದೆ ಎಂಬುದು ಮುಂದೆ ಬಂದ ಒಂದು ಸಲಹೆ. ಆದರೆ ಹಾರ್ವರ್ಡಿನ ಹೊಸ ಕಾಂಕ್ರೀಟು ಗೋಡೆ ಒಂದು ಗೇಣೂ ಸರಿಯುವಂತಿರಲಿಲ್ಲ. ಕೊನೆಗೆ ಅಗಲ ಮಾಡುವ ಮಾತು ಬಿಟ್ಟು, ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಕೊಡುವ ನಿಯಮವನ್ನು 1906ರಲ್ಲಿ ತಂದರು. ಆ ಆಟದ ರೂಪವೇ ಅಲ್ಲಿಂದ ಬದಲಾಯಿತು.

ಕಥೆಯ ಅರ್ಥ ನಮಗೆ ಬೇಕಾದದ್ದು ಇಷ್ಟು. ಗ್ಯಾಲರಿಯನ್ನು ಮೊದಲು ಕಟ್ಟಿದರೆ ಮುಂದೆ ಆಟವೇ ಗ್ಯಾಲರಿಗೆ ಹೊಂದಿಕೊಳ್ಳಬೇಕಾಗುತ್ತದೆ. ಅಮೆರಿಕದವರಿಗೆ ಹೊಸ ನಿಯಮ ಹೊಳೆಯಿತು. ನಮ್ಮ ಕಾಲೇಜುಗಳಲ್ಲಿ ಮೈದಾನವೇ ಕುಗ್ಗುತ್ತದೆ. ಚಿತ್ರೀಕರಣಕ್ಕೆಂದು ತಿರುಗುವಾಗ ಒಂದು ಕಾಲೇಜಿನಲ್ಲಿ, ಅದರ ಹೆಸರು ಬೇಡ, ಹೊಸದಾಗಿ ಸುಣ್ಣಬಣ್ಣ ಕಂಡ ಗ್ಯಾಲರಿಯನ್ನು ನೋಡಿದ್ದೆ. ದಾನಿಗಳ ಹೆಸರು ಕೆತ್ತಿದ ಕಲ್ಲು ಬಾಗಿಲಲ್ಲೇ ಇತ್ತು. ಗ್ಯಾಲರಿಯ ಎದುರಿನ ಮೈದಾನದಲ್ಲಿ ಜಲ್ಲಿ, ಇಟ್ಟಿಗೆ ಚೂರು, ಒಂದು ಗೋಲಿನ ಬಳಿ ನಿಂತ ಮಳೆನೀರು. ಹುಡುಗರು ಆಡುತ್ತಿದ್ದದ್ದು ಕಾಂಪೌಂಡಿನ ಹೊರಗಿನ ಗೋಮಾಳದಲ್ಲಿ.

ಮೈದಾನ ಎಷ್ಟು ದೊಡ್ಡದಿರಬೇಕು? ಫುಟ್‌ಬಾಲಿನ ನಿಯಮಗಳು ಇಲ್ಲಿ ಉದಾರವಾಗಿವೆ. ಅಂತರರಾಷ್ಟ್ರೀಯ ಪಂದ್ಯಕ್ಕೆ ಉದ್ದ 100ರಿಂದ 110 ಮೀಟರ್, ಅಗಲ 64ರಿಂದ 75 ಮೀಟರ್. ಎಲ್ಲರೂ ಮೆಚ್ಚಿಕೊಂಡ ಅಳತೆ 105 ಮತ್ತು 68 ಮೀಟರ್. ಗುಣಿಸಿದರೆ 7,140 ಚದರ ಮೀಟರ್, ಅಂದರೆ ಒಂದೂ ಮುಕ್ಕಾಲು ಎಕರೆ. ಗೆರೆಯಾಚೆ ಓಡಿ ಬೀಳುವವರಿಗಾಗಿ ಸುತ್ತ ನಾಲ್ಕು ಮೀಟರ್ ಬಿಟ್ಟರೆ ಎರಡು ಎಕರೆ ದಾಟುತ್ತದೆ. ಇದರ ಸುತ್ತ 400 ಮೀಟರಿನ ಓಟದ ಪಥವನ್ನೂ ಸೇರಿಸಿದರೆ ನಾಲ್ಕು ಎಕರೆಗೆ ಏರುತ್ತದೆ. ಈ ಅಂಕಿಗಳನ್ನು ಸುಮ್ಮನೆ ಹೇಳುತ್ತಿಲ್ಲ. ಜಂಗಮಕೋಟೆ ಹೋಬಳಿಯಲ್ಲಿ ಕೈಗಾರಿಕಾ ಪ್ರದೇಶಕ್ಕಾಗಿ ಜಮೀನು ಪಡೆಯುವ ಪ್ರಸ್ತಾವ ಬಂದಾಗ 2024 ಮತ್ತು 2025ರಲ್ಲಿ ರೈತರು ಬೀದಿಗಿಳಿದರು. ಅಲ್ಲಿ ಒಂದು ಎಕರೆ ಎಂದರೆ ಒಂದು ಕುಟುಂಬದ ಹಿಪ್ಪುನೇರಳೆ ತೋಟ. ನಾಲ್ಕು ಎಕರೆಯನ್ನು ಆಟಕ್ಕೆಂದು ತೆಗೆದಿಟ್ಟ ಮೇಲೆ ಅಲ್ಲಿ ವರ್ಷಕ್ಕೆ ನಾಲ್ಕು ಪಂದ್ಯ ನಡೆದು ಉಳಿದ ದಿನ ಬೀಗ ಬಿದ್ದಿದ್ದರೆ ಯಾವ ಮುಖ ಇಟ್ಟುಕೊಂಡು ಸಮರ್ಥಿಸಿಕೊಳ್ಳುವುದು?

ಓಟದ ಪಥ ಬೇಕೇ ಬೇಡವೇ ಎಂಬುದು ದೊಡ್ಡ ಊರುಗಳಲ್ಲೂ ಬಗೆಹರಿಯದ ಜಗಳ. ಬೆಂಗಳೂರಿನ ಕಂಠೀರವ ಕ್ರೀಡಾಂಗಣವನ್ನು ನೋಡಿರುವವರಿಗೆ ಇದು ತಿಳಿದೀತು. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಜ್ಜಾದ ಅಲ್ಲಿ ಹುಲ್ಲಿನ ಸುತ್ತ ಪಥವಿದೆ. ಮುಂದೆ ಬೆಂಗಳೂರು ಎಫ್‌ಸಿ ತಂಡ ಅಲ್ಲಿ ಆಡತೊಡಗಿದ ಮೇಲೆ, ಮೈದಾನ ಯಾರಿಗೆ ಯಾವಾಗ ಎಂದು ಓಟಗಾರರಿಗೂ ಫುಟ್‌ಬಾಲಿನವರಿಗೂ ತಕರಾರು ಬಂತು. ರೇಖಾಗಣಿತವೂ ಇದರಲ್ಲಿದೆ. ಪ್ರಮಾಣಿತ ಪಥದ ಬಾಗಿದ ಭಾಗದ ತ್ರಿಜ್ಯ 36.5 ಮೀಟರ್, ನೇರ ಭಾಗದ ಉದ್ದ 84.39 ಮೀಟರ್. ಅದರ ನಡುವೆ 105 ಮೀಟರಿನ ಮೈದಾನವನ್ನಿಟ್ಟು ಲೆಕ್ಕ ಹಾಕಿದರೆ, ಗೋಲಿನ ಹಿಂದೆ ಪಥದ ಒಳಅಂಚಿಗೇ 26 ಮೀಟರ್ ದೂರ. ಎಂಟು ಓಣಿಗಳ ಪಥ ಸುಮಾರು 10 ಮೀಟರ್ ಅಗಲ. ಅಲ್ಲಿಗೆ ಗೋಲಿನ ಹಿಂದೆ ಕುಳಿತ ಪ್ರೇಕ್ಷಕ ಗೋಲಿಯಿಂದ 36 ಮೀಟರ್ ಆಚೆ ಇರುತ್ತಾನೆ. ಕಾಲೇಜಿಗೆ ಓಟದ ಪಥ ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ. ಫುಟ್‌ಬಾಲ್ ಆಡದವರೂ ಓಡುತ್ತಾರೆ, ಪೊಲೀಸ್ ಮತ್ತು ಸೈನ್ಯದ ಆಯ್ಕೆಗೆ ತಯಾರಾಗುವ ಹಳ್ಳಿಯ ಮಕ್ಕಳು ಅದನ್ನೇ ಹುಡುಕಿಕೊಂಡು ಬರುತ್ತಾರೆ. ಆದರೆ ಪಥ ಹಾಕಿದ ಮೇಲೆ ಗೋಲುಗಳ ಹಿಂದೆ ಗ್ಯಾಲರಿ ಕಟ್ಟುವ ಆಸೆಯನ್ನು ಬಿಡಬೇಕು.

ದಿಕ್ಕು ಮುಖ್ಯ. ಮೈದಾನದ ಉದ್ದ ಉತ್ತರ-ದಕ್ಷಿಣವಾಗಿರಬೇಕು. ನಮ್ಮದು ಹದಿಮೂರು ಡಿಗ್ರಿ ಉತ್ತರ ಅಕ್ಷಾಂಶ. ಸೂರ್ಯ ಮುಳುಗುವ ಬಿಂದು ವರ್ಷದಲ್ಲಿ ನೇರ ಪಶ್ಚಿಮದಿಂದ ಆಚೀಚೆ ಸುಮಾರು 24 ಡಿಗ್ರಿಯಷ್ಟು ಮಾತ್ರ ಸರಿಯುತ್ತದೆ. ಕಾಲೇಜಿನ ಪಂದ್ಯಗಳು ನಡೆಯುವುದು ಸಂಜೆ ನಾಲ್ಕರ ಮೇಲೆ. ಮೈದಾನ ಪೂರ್ವ-ಪಶ್ಚಿಮವಾಗಿದ್ದರೆ ಒಬ್ಬ ಗೋಲಿ ಇಡೀ ಅರ್ಧವನ್ನು ಕಣ್ಣಿಗೆ ಕೈ ಅಡ್ಡ ಹಿಡಿದೇ ಕಳೆಯಬೇಕು. ಗ್ಯಾಲರಿ ಒಂದೇ ಇರುವುದಾದರೆ ಅದು ಪಶ್ಚಿಮದ ಬದಿಗಿರಲಿ. ನೋಡುವವರಿಗೆ ಬಿಸಿಲು ಬೆನ್ನಿಗೆ ಬೀಳುತ್ತದೆ. ಕ್ಯಾಮೆರಾಕ್ಕೂ ಅಷ್ಟೆ. ಪೂರ್ವದ ಬದಿಯಿಂದ ಸಂಜೆಯ ಪಂದ್ಯ ಚಿತ್ರೀಕರಿಸಿದರೆ ತೆರೆಯ ಮೇಲೆ ಇಪ್ಪತ್ತೆರಡು ಕಪ್ಪು ನೆರಳುಗಳು ಓಡಾಡುವುದು ಕಾಣುತ್ತದೆ. ಯಾರು ಯಾವ ತಂಡದವರೆಂದು ವೀಕ್ಷಕ ವಿವರಣೆಗಾರರಿಗೂ ತಿಳಿಯುವುದಿಲ್ಲ.

ಇನ್ನು ನೆಲ. ಚಿಕ್ಕಬಳ್ಳಾಪುರ ಜಿಲ್ಲೆಯ ಕೆಂಪು ಮಣ್ಣು ಒಣಗಿದರೆ ಹೆಂಚಿನಂತೆ ಗಟ್ಟಿ, ನೆನೆದರೆ ಜಾರುತ್ತದೆ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ, ಕೆಲವೇ ಸಂಜೆಗಳಲ್ಲಿ ಹುಯ್ದು ಹೋಗುತ್ತದೆ. ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಬಿದ್ದಿತೆನ್ನಿ. ನಮ್ಮ 7,140 ಚದರ ಮೀಟರ್ ಮೇಲೆ ಅದು 3,57,000 ಲೀಟರ್ ನೀರು. ಇದನ್ನು ಹೊರಗೆ ಕಳಿಸುವ ಉಪಾಯ ಸರಳವಾದದ್ದು, ಆಮೆಯ ಬೆನ್ನಿನದು. ಮೈದಾನದ ನಡುಭಾಗವನ್ನು ಸ್ವಲ್ಪ ಎತ್ತರಿಸಿ ಎರಡೂ ಬದಿಗೆ ನೂರಕ್ಕೆ ಒಂದರಂತೆ ಇಳಿಜಾರು ಕೊಡುವುದು. ನಡುವಿನಿಂದ ಬದಿಗೆರೆಗೆ 34 ಮೀಟರ್, ಆದ್ದರಿಂದ ನಡುಭಾಗ ಬದಿಗಿಂತ 34 ಸೆಂಟಿಮೀಟರ್ ಎತ್ತರ. ಕಣ್ಣಿಗೆ ಕಾಣುವುದಿಲ್ಲ, ಚೆಂಡಿಗೂ ತಿಳಿಯುವುದಿಲ್ಲ, ನೀರಿಗೆ ಮಾತ್ರ ತಿಳಿಯುತ್ತದೆ. ಮಣ್ಣಿನಡಿ ಜಲ್ಲಿ ತುಂಬಿದ ಕಾಲುವೆಗಳಲ್ಲಿ ತೂತು ಕೊಳವೆಗಳನ್ನು ಮೀನಿನ ಮೂಳೆಯಂತೆ ಹಾಸಿ, ಬದಿಯ ಚರಂಡಿಗೆ ಸೇರಿಸಬೇಕು. ಚರಂಡಿಯ ಕೊನೆಗೆ ಒಂದು ತೆರೆದ ಹೊಂಡ. ಹೋದ ನೀರು ಅಲ್ಲಿ ಸಿಗುತ್ತದೆ.

ಮೇಲ್ಪದರಕ್ಕೆ ಮರಳು ಬೆರೆಸಬೇಕೆಂದು ಪುಸ್ತಕಗಳು ಹೇಳುತ್ತವೆ. ಇಪ್ಪತ್ತು ಸೆಂಟಿಮೀಟರ್ ದಪ್ಪದ ಪದರವನ್ನು ಮರಳಿನಿಂದಲೇ ಮಾಡಿದರೆ 1,400 ಘನ ಮೀಟರಿಗೂ ಹೆಚ್ಚು ಮರಳು ಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಫಿಲ್ಟರ್ ಮರಳು ಎಂಬ ಮಾತು ಹೊಸದಲ್ಲ. ಹೊಲ, ಕೆರೆಯಂಗಳದ ಮಣ್ಣನ್ನು ತೊಳೆದು ಮರಳು ತೆಗೆಯುವ ಆ ದಂಧೆಗೆ ಒಂದು ಕಾಲೇಜಿನ ಮೈದಾನ ಕಾರಣವಾಗಬಾರದು. ಊರ ಮಣ್ಣಿಗೆ ಕಾಲು ಭಾಗದಷ್ಟು ಮರಳು, ಜೊತೆಗೆ ಚೆನ್ನಾಗಿ ಕೊಳೆತ ಗೊಬ್ಬರ, ಇಷ್ಟರಲ್ಲೇ ಕಾಲೇಜು ಮಟ್ಟದ ಮೈದಾನ ಒಳ್ಳೆಯದಾಗುತ್ತದೆ.

ಹುಲ್ಲು ಯಾವುದು? ಇಲ್ಲಿ ನಿಮಗೊಂದು ಸಂತೋಷದ ವಿಷಯ. ಪ್ರಪಂಚದ ಬಿಸಿನಾಡುಗಳ ಕ್ರೀಡಾಂಗಣಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲು ಬೇರೇನೂ ಅಲ್ಲ, ನಾವು ಗಣೇಶನ ಹಬ್ಬಕ್ಕೆ ಕಿತ್ತು ತರುವ ಗರಿಕೆ. ಸಸ್ಯಶಾಸ್ತ್ರದ ಹೆಸರು ಸೈನೊಡಾನ್ ಡಾಕ್ಟಿಲಾನ್. ದುಬಾರಿ ತಳಿಗಳೂ ಬಹುಮಟ್ಟಿಗೆ ಇದನ್ನು ಇದರ ಆಫ್ರಿಕದ ದಾಯಾದಿಯೊಂದಿಗೆ ಕೂಡಿಸಿ ಪಡೆದವು. ಗರಿಕೆ ನೆಲದ ಮೇಲೂ ನೆಲದೊಳಗೂ ಬಳ್ಳಿ ಬಿಟ್ಟು ಹಬ್ಬುತ್ತದೆ. ಬೂಟಿನ ಮೊಳೆ ಕಿತ್ತ ಜಾಗವನ್ನು ತಾನೇ ಮುಚ್ಚಿಕೊಳ್ಳುತ್ತದೆ. ಬೇಸಗೆಯಲ್ಲಿ ಒಣಗಿದಂತೆ ಕಂಡರೂ ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ರೈತ ಹೊಲದಲ್ಲಿ ಶಪಿಸುವ ಗುಣಗಳೆಲ್ಲ ಮೈದಾನದಲ್ಲಿ ವರ.

ಆದರೂ ಆಡುವ ಮೈದಾನಕ್ಕೆ ಬೇಸಗೆಯಲ್ಲಿ ನೀರು ಕೊಡಲೇಬೇಕು. ದಿನಕ್ಕೆ 5 ಮಿಲಿಮೀಟರ್ ಎಂದುಕೊಂಡರೆ 35,700 ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಏಳು ಟ್ಯಾಂಕರ್, ದಿನವೂ. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಹಳ್ಳಿಯ ಪಕ್ಕದಲ್ಲಿ ಕೊಳವೆ ಬಾವಿಯಿಂದ ಇಷ್ಟು ನೀರೆತ್ತಿ ಹುಲ್ಲಿಗೆ ಹಾಯಿಸುವುದು ಸಾಧ್ಯವೇ ಇಲ್ಲ, ಮತ್ತು ಸಲ್ಲದು. ಮಳೆನೀರು ಹಿಡಿಯಬಹುದಲ್ಲ ಎನ್ನುತ್ತೀರಿ. ಗ್ಯಾಲರಿಯ ಮಾಡು 1,000 ಚದರ ಮೀಟರ್ ಇದೆಯೆನ್ನಿ. 700 ಮಿಲಿಮೀಟರ್ ಮಳೆಗೆ ಏಳು ಲಕ್ಷ ಲೀಟರ್, ಸೋರಿ ಆವಿಯಾಗಿ ಉಳಿಯುವುದು ಐದೂವರೆ ಲಕ್ಷ. ಹದಿನೈದು ದಿನಕ್ಕೆ ಮುಗಿಯಿತು. ಮಳೆಕೊಯ್ಲಿನ ಬಗ್ಗೆ ಭಾಷಣ ಮಾಡುವವರು ಈ ಹದಿನೈದು ದಿನದ ಲೆಕ್ಕ ಹೇಳುವುದಿಲ್ಲ.

ಉತ್ತರ ಇರುವುದು ವಿದ್ಯಾರ್ಥಿನಿಲಯದ ಬಚ್ಚಲುಮನೆಯಲ್ಲಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂಬುದು ನಗರಗಳ ಯೋಜನೆಯಲ್ಲಿ ಹಿಡಿಯುವ ಲೆಕ್ಕ. ಅದರಲ್ಲಿ ನೂರಕ್ಕೆ ಎಂಬತ್ತು ಭಾಗ ಬಳಸಿದ ನೀರಾಗಿ ಹೊರಬರುತ್ತದೆ. ಸಾವಿರ ವಿದ್ಯಾರ್ಥಿಗಳು ವಾಸಿಸುವ ಆವರಣದಲ್ಲಿ ದಿನಕ್ಕೆ ಒಂದು ಲಕ್ಷ ಲೀಟರಿಗೂ ಹೆಚ್ಚು. ನಮ್ಮ ಮೈದಾನಕ್ಕೆ ಬೇಕಾದದ್ದು ಅದರ ಮೂರನೆಯ ಒಂದು ಭಾಗ. ಈ ಜಿಲ್ಲೆಯವರಿಗೆ ಬಳಸಿದ ನೀರಿನ ವಿಚಾರ ಅಪರಿಚಿತವಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ, ಆನಂತರ ಹೆಬ್ಬಾಳ-ನಾಗವಾರ ಕಣಿವೆಯಿಂದ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಹರಿಸಲಾಯಿತು. ಎರಡನೆಯ ಹಂತಕ್ಕೇ ನಿಲ್ಲಿಸಿದ ಆ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕು ಎಂದು ಇಲ್ಲಿನ ಜನ ಹೋರಾಡುತ್ತ ಬಂದಿದ್ದಾರೆ. ಅದೇ ಮಾತು ಮೈದಾನಕ್ಕೂ ಸಲ್ಲುತ್ತದೆ. ಮಕ್ಕಳು ಬಿದ್ದು ಮೊಣಕಾಲು ತರಚಿಕೊಳ್ಳುವ ನೆಲ ಅದು. ನೀರನ್ನು ಸೋಸಿ, ರೋಗಾಣು ನಾಶ ಮಾಡಿ, ಆಟ ಮುಗಿದ ಮೇಲೆ ರಾತ್ರಿ ಹಾಯಿಸಬೇಕು. ವಿಜ್ಞಾನ ವಿಭಾಗದ ವಿದ್ಯಾರ್ಥಿಗಳು ವಾರಕ್ಕೊಮ್ಮೆ ಆ ನೀರನ್ನು ಪರೀಕ್ಷಿಸಿ ಫಲಿತಾಂಶವನ್ನು ಸೂಚನಾ ಫಲಕಕ್ಕೆ ಹಾಕಲಿ. ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಎಲ್ಲಿದೆ?

ಇಷ್ಟೆಲ್ಲ ತಾಪತ್ರಯ ಯಾಕೆ, ಪ್ಲಾಸ್ಟಿಕ್ ಹುಲ್ಲು ಹಾಸಿದರಾಯಿತು ಎನ್ನುವವರಿದ್ದಾರೆ. ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಕೃತಕ ಹಾಸು ಬಂದಿತು. ಬೆಂಗಳೂರು ಎಫ್‌ಸಿ 2013-14ರಲ್ಲಿ ತನ್ನ ಮೊದಲ ವರ್ಷವೇ ಐ-ಲೀಗ್ ಗೆದ್ದಾಗ ಅದರ ತವರು ಮೈದಾನ ಅದೇ. ಬೆಳಗಿನಿಂದ ರಾತ್ರಿಯವರೆಗೆ ಒಂದರ ಮೇಲೊಂದು ಲೀಗ್ ಪಂದ್ಯ ನಡೆಯುವ ನಗರದ ಮೈದಾನಕ್ಕೆ ಅದು ಸರಿಯಿರಬಹುದು, ಏಕೆಂದರೆ ಹುಲ್ಲಿಗೆ ವಿಶ್ರಾಂತಿ ಬೇಕು, ಪ್ಲಾಸ್ಟಿಕ್ಕಿಗೆ ಬೇಡ. ಆದರೆ ಜಂಗಮಕೋಟೆಯ ಏಪ್ರಿಲ್ ಬಿಸಿಲಿನಲ್ಲಿ ಅದರ ಮೇಲ್ಮೈ 60 ಡಿಗ್ರಿ ದಾಟಬಲ್ಲದು. ತಣಿಸಲು ಅದಕ್ಕೂ ನೀರೇ ಬೇಕು. ಎಂಟು ಹತ್ತು ವರ್ಷಕ್ಕೊಮ್ಮೆ ಇಡೀ ಹಾಸನ್ನು ಕಿತ್ತು ಹೊಸದು ಹಾಕಬೇಕು. ಅದರೊಳಗೆ ತುಂಬುವ ರಬ್ಬರ್ ಪುಡಿ ಸೂಕ್ಷ್ಮ ಪ್ಲಾಸ್ಟಿಕ್ಕಾಗಿ ಮಣ್ಣಿಗೆ, ನೀರಿಗೆ ಸೇರುತ್ತದೆಂದು ಐರೋಪ್ಯ ಒಕ್ಕೂಟ 2023ರಲ್ಲಿ ಅದರ ಮಾರಾಟಕ್ಕೆ ನಿರ್ಬಂಧ ಹಾಕಿ, ಎಂಟು ವರ್ಷದ ಅವಧಿ ಕೊಟ್ಟಿತು. ಮಳೆನೀರು ನೇರ ಕೆರೆಗೆ ಹರಿಯುವ ಊರಿನಲ್ಲಿ ನಾನಂತೂ ಅದನ್ನು ಹಾಕಲು ಹೇಳಲಾರೆ.

ಗರಿಕೆಗೂ ಒಂದು ಎಚ್ಚರಿಕೆ ಉಂಟು, ಅದು ಈ ಸೀಮೆಗೇ ವಿಶೇಷವಾದದ್ದು. ಹುಲ್ಲಿನ ಮೈದಾನಗಳಲ್ಲಿ ಗೆದ್ದಲು, ಗೊಣ್ಣೆಹುಳಕ್ಕೆ ಕೀಟನಾಶಕ ಸಿಂಪಡಿಸುವ ವಾಡಿಕೆಯಿದೆ. ಪಕ್ಕದಲ್ಲಿ ಹಿಪ್ಪುನೇರಳೆ ತೋಟವಿದ್ದರೆ ಗಾಳಿಯಲ್ಲಿ ತೇಲಿ ಬಂದ ಹನಿ ಸೊಪ್ಪಿನ ಮೇಲೆ ಕೂರುತ್ತದೆ. ಆ ಸೊಪ್ಪು ತಿಂದ ರೇಷ್ಮೆಹುಳು ಉಳಿಯುವುದಿಲ್ಲ. ಒಂದು ಬೆಳೆಯೇ ಹೋದೀತು. ಆದ್ದರಿಂದ ಇಲ್ಲಿನ ಮೈದಾನಕ್ಕೆ ಸಿಂಪಡಣೆ ಬೇಡವೇ ಬೇಡ. ಕೈಯಿಂದ ಕಳೆ ತೆಗೆಯಲಿ, ಒಂದಿಷ್ಟು ಹುಲ್ಲು ಕೆಂಪಾದರೆ ಆಗಲಿ. ವಿದೇಶದ ಕೈಪಿಡಿಯಲ್ಲಿ ಈ ಮಾತು ನಿಮಗೆ ಸಿಗುವುದಿಲ್ಲ.

ರೇಷ್ಮೆಯ ಮಾತು ಬಂದದ್ದರಿಂದ ಮತ್ತೊಂದು ವಿಷಯ. ಈ ಮೈದಾನದಲ್ಲಿ ಆಡುವವರು ಯಾರು, ಯಾವಾಗ? ಹುಳು ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಹಣ್ಣಾಗುವವರೆಗೆ, ಸುಮಾರು ಒಂದು ವಾರ, ಅದರ ಹಸಿವಿಗೆ ಕೊನೆಯಿಲ್ಲ. ಮನೆಮಂದಿಯೆಲ್ಲ ಬೆಳಿಗ್ಗೆ ಸಂಜೆ ಸೊಪ್ಪು ಕೊಯ್ಯಬೇಕು, ಹಾಕಬೇಕು. ಆ ವಾರ ಕಾಲೇಜಿನ ಹುಡುಗನಾಗಲಿ ಹುಡುಗಿಯಾಗಲಿ ಸಂಜೆ ಐದಕ್ಕೆ ಅಭ್ಯಾಸಕ್ಕೆ ನಿಲ್ಲಲಾರರು. ಉಳಿದ ದಿನಗಳಲ್ಲಿ ಊರಿನ ಬಸ್ಸು ಅವರನ್ನು ಎಳೆಯುತ್ತದೆ. ಅಭ್ಯಾಸವನ್ನು ಬೆಳಗಿನ ತರಗತಿಗಳ ನಡುವೆಯೋ ಮಧ್ಯಾಹ್ನ ಮೂರೂವರೆಗೋ ವೇಳಾಪಟ್ಟಿಯಲ್ಲೇ ಸೇರಿಸದಿದ್ದರೆ ಮೈದಾನ ವಿದ್ಯಾರ್ಥಿನಿಲಯದವರ ಸ್ವತ್ತಾಗಿ ಉಳಿಯುತ್ತದೆ. ಹುಡುಗಿಯರಿಗೆ ಬಟ್ಟೆ ಬದಲಿಸುವ ಕೋಣೆ ಮತ್ತು ಶೌಚಾಲಯ ಮೊದಲ ವರ್ಷವೇ ಬೇಕು, ಗ್ಯಾಲರಿಯ ಜೊತೆ ಆಮೇಲೆ ಬರುತ್ತದೆ ಎನ್ನುವಂತಿಲ್ಲ. ಅವು ಇಲ್ಲದೆ ಮೈದಾನವನ್ನು ಎಲ್ಲರದೆಂದು ಕರೆಯುವುದು ಬರಿಯ ಮಾತು.

ನಮ್ಮ ನಾಡಿನ ಫುಟ್‌ಬಾಲಿನ ಚರಿತ್ರೆಯೂ ಗ್ಯಾಲರಿಗಳಿಂದ ಹುಟ್ಟಿದ್ದಲ್ಲ. ಮೈಸೂರು ತಂಡ ಮೊದಲ ಬಾರಿಗೆ ಸಂತೋಷ್ ಟ್ರೋಫಿ ಗೆದ್ದದ್ದು 1946-47ರಲ್ಲಿ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಪರ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸಿನಲ್ಲಿ ಭಾರತದ ಮೊದಲ ಫುಟ್‌ಬಾಲ್ ಗೋಲು ಅದು. ಎರಡು ಪೆನಾಲ್ಟಿ ಕೈತಪ್ಪಿ ನಾವು 1-2ರಲ್ಲಿ ಸೋತೆವು. ಆ ತಂಡದ ಬಹುಮಂದಿ ಬರಿಗಾಲಿನಲ್ಲಿ ಆಡಿದ್ದರು. ಅದೇ ಕಾಲದ ಬೆಂಗಳೂರಿನ ಅಹ್ಮದ್ ಖಾನ್ ಕೊಲ್ಕತ್ತದ ಈಸ್ಟ್ ಬೆಂಗಾಲ್ ತಂಡ ಸೇರಿ, ಪಂಚಪಾಂಡವರೆಂದು ಹೆಸರಾದ ಐವರು ಮುನ್ನಡೆ ಆಟಗಾರರಲ್ಲಿ ಒಬ್ಬರಾದರು. ಬರಿಗಾಲಿನ ಆಟಗಾರ ಬೆಳೆಯಬೇಕಾದರೆ ಕಲ್ಲು ಆರಿಸಿದ ನೆಲವೊಂದು ಸಾಕಾಗಿತ್ತು, ಆದರೆ ಆ ನೆಲವಂತೂ ಇರಲೇಬೇಕಾಗಿತ್ತು. ಕಾಲೇಜು ಮೈದಾನಗಳ ಪಾಲೂ ಸಣ್ಣದಲ್ಲ. ಚಿನ್ನಸ್ವಾಮಿ ಕ್ರೀಡಾಂಗಣ ಬರುವ ಮೊದಲು ಮೈಸೂರು ತಂಡದ ರಣಜಿ ಕ್ರಿಕೆಟ್ ಪಂದ್ಯಗಳು ನಡೆಯುತ್ತಿದ್ದದ್ದು ಸೆಂಟ್ರಲ್ ಕಾಲೇಜಿನ ಮೈದಾನದಲ್ಲಿ. ಫುಟ್‌ಬಾಲಿನಲ್ಲಿ 1968-69ರ ನಂತರ ಸಂತೋಷ್ ಟ್ರೋಫಿ ಮತ್ತೆ ನಮ್ಮ ರಾಜ್ಯಕ್ಕೆ ಬಂದದ್ದು 2023ರ ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ. ನಡುವೆ 54 ವರ್ಷ. ಆ ವರ್ಷಗಳಲ್ಲಿ ರಾಜ್ಯದಲ್ಲಿ ಕ್ರೀಡಾಂಗಣಗಳೇನೂ ಕಡಿಮೆ ಕಟ್ಟಲಿಲ್ಲ.

ಹಾಗೆಂದು ಗ್ಯಾಲರಿಯೇ ಬೇಡವೆಂದಲ್ಲ. ಜನ ನೋಡದ ಆಟ ಸೊರಗುತ್ತದೆ. ಅಗ್ಗದ ದಾರಿಯೊಂದನ್ನು ಯೇಲ್ ವಿಶ್ವವಿದ್ಯಾಲಯ 1914ರಲ್ಲಿ ತೋರಿಸಿತು. ಮೈದಾನವನ್ನು ಆಳಕ್ಕೆ ಅಗೆದು, ಆ ಮಣ್ಣನ್ನೇ ಸುತ್ತ ದಿಣ್ಣೆಯಾಗಿ ಒಟ್ಟಿ, ದಿಣ್ಣೆಯ ಮೇಲೆ ಆಸನಗಳನ್ನಿಟ್ಟಿತು. ನಾವು ಅಷ್ಟು ಅಗೆಯುವುದು ಬೇಡ, ಇಲ್ಲವಾದರೆ ಕ್ರೀಡಾಂಗಣ ಕಟ್ಟಲು ಹೋಗಿ ಕೆರೆ ಕಟ್ಟಿದಂತಾದೀತು. ನೆಲ ಮಟ್ಟ ಮಾಡುವಾಗ ಮತ್ತು ನೀರಿನ ಹೊಂಡ ತೋಡುವಾಗ ಸಿಗುವ ಮಣ್ಣನ್ನು ಪಶ್ಚಿಮದ ಬದಿಗೆ ಒಟ್ಟಿದರೆ ಮೊದಲ ಐದು ವರ್ಷಕ್ಕೆ ಹುಲ್ಲಿನ ದಿಣ್ಣೆಯೇ ಗ್ಯಾಲರಿ. ಅದರ ಮೇಲೆ ಸಾಲಾಗಿ ಹೊಂಗೆ, ಬೇವು. ಮುಂದೆ ಹಣ ಕೂಡಿದಾಗ ಕಾಂಕ್ರೀಟು ಮೆಟ್ಟಿಲು ಕಟ್ಟುವುದಾದರೆ ಒಂದು ನಿಯಮವಿದೆ. ಹಿಂದೆ ಕುಳಿತವರ ದೃಷ್ಟಿ ಹತ್ತಿರದ ಬದಿಗೆರೆಯನ್ನು ಮುಟ್ಟುವಾಗ ಮುಂದಿನವರ ಕಣ್ಣಿನ ಮಟ್ಟಕ್ಕಿಂತ ಕನಿಷ್ಠ 6, ಸಾಧ್ಯವಾದರೆ 9 ಸೆಂಟಿಮೀಟರ್ ಮೇಲೆ ಹಾದುಹೋಗಬೇಕು. ಹಾಗಾಗಲು ಮೇಲೇರಿದಂತೆ ಮೆಟ್ಟಿಲಿನ ಎತ್ತರ ಸ್ವಲ್ಪ ಸ್ವಲ್ಪವೇ ಹೆಚ್ಚಬೇಕು. ಎಲ್ಲ ಮೆಟ್ಟಿಲನ್ನೂ ಒಂದೇ ಅಳತೆಯಲ್ಲಿ ಎರಕ ಹೊಯ್ದರೆ ಮೇಲಿನ ಸಾಲಿನವರು ನಿಂತೇ ನೋಡಬೇಕು.

ಬಾಗಿಲುಗಳ ವಿಷಯದಲ್ಲಿ ಮಾತ್ರ ಒಂದು ಪೈಸೆಯೂ ಉಳಿಸಬಾರದು. 1980ರ ಆಗಸ್ಟ್ 16ರಂದು ಕೊಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಫುಟ್‌ಬಾಲ್ ನೋಡಲು ಹೋದ 16 ಮಂದಿ ಮನೆಗೆ ಮರಳಲಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಅವರಲ್ಲಿ ನಿಮ್ಮ ವಯಸ್ಸಿನವರಿದ್ದರು. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಕೈಪಿಡಿಯ ಪ್ರಕಾರ ಒಂದು ಮೀಟರ್ ಅಗಲದ ಮೆಟ್ಟಿಲಿನಲ್ಲಿ ನಿಮಿಷಕ್ಕೆ 66 ಜನ ಇಳಿಯಬಲ್ಲರು. ಎಲ್ಲರೂ ಎಂಟು ನಿಮಿಷದೊಳಗೆ ಹೊರಗಿರಬೇಕು. ಅಂದರೆ ಒಂದು ಮೀಟರಿಗೆ 528 ಜನ. ಎರಡು ಸಾವಿರ ಆಸನದ ಗ್ಯಾಲರಿಗೆ ಎರಡೆರಡು ಮೀಟರಿನ ಎರಡು ಮೆಟ್ಟಿಲು ಸಾಲಾದರೆ ಸಾಕೆಂದು ಲೆಕ್ಕ ಹೇಳುತ್ತದೆ. ಆದರೆ ಅವುಗಳಲ್ಲಿ ಒಂದು ಮುಚ್ಚಿಹೋದ ಗಳಿಗೆಗಾಗಿಯೇ ಮೂರನೆಯದನ್ನು ಕಟ್ಟಬೇಕು. ಬಾಗಿಲು ಹೊರಕ್ಕೆ ತೆರೆಯಬೇಕು, ಪಂದ್ಯ ನಡೆಯುವಷ್ಟು ಹೊತ್ತು ಬೀಗ ಕೂಡದು. ಉಚಿತ ಪ್ರವೇಶವೆಂದು ಸಾರುವ ಮುನ್ನ ಎಷ್ಟು ಜನ ಹಿಡಿಸುತ್ತಾರೆಂದು ಬಾಗಿಲ ಮೇಲೆ ಬರೆದಿರಬೇಕು.

ದೀಪಗಳ ಬಗ್ಗೆ ನನ್ನ ಕಸುಬಿನವರು ಆಸೆ ಹುಟ್ಟಿಸುತ್ತಾರೆ. ಟೆಲಿವಿಷನ್ನಿಗೆ ಸಾವಿರ ಲಕ್ಸ್‌ಗೂ ಮೀರಿದ ಬೆಳಕು ಬೇಕು. ಅಭ್ಯಾಸಕ್ಕೆ 75 ಲಕ್ಸ್ ಸಾಕು. ಸಂಜೆ ಇನ್ನೊಂದು ಗಂಟೆ ಆಡಲು ಬೇಕಾದಷ್ಟು ದೀಪ ಹಾಕಿ. ನಾವು ಬರುವುದಾದರೆ ಹಗಲಿನಲ್ಲೇ ಬರುತ್ತೇವೆ.

ಕೊನೆಯದಾಗಿ ಕೆಲಸದ ಕ್ರಮ. ಬೇಸಗೆಯಲ್ಲಿ ನೆಲ ಮಟ್ಟ ಮಾಡಿ ಕೊಳವೆ ಹೂಳಬೇಕು. ಅದರ ಜೊತೆಗೇ ವಿದ್ಯಾರ್ಥಿನಿಲಯದ ನೀರಿನ ಶುದ್ಧೀಕರಣ ಘಟಕ, ಎರಡು ಕೋಣೆ, ಶೌಚಾಲಯ. ಪಕ್ಕದಲ್ಲಿ ಬರಿ ಮಣ್ಣಿನ ಎರಡನೆಯ ಮೈದಾನವೊಂದನ್ನು ಬಿಟ್ಟುಕೊಂಡರೆ ದಿನನಿತ್ಯದ ಆಟ ಅಲ್ಲಿ ನಡೆಯುತ್ತದೆ, ಹುಲ್ಲು ಉಸಿರಾಡುತ್ತದೆ. ಗ್ಯಾಲರಿಯ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ ಹಾಗೇ ಬಿಡಬೇಕು. ಜೂನ್ ತಿಂಗಳ ಮೊದಲ ಮಳೆಗೆ ಗರಿಕೆಯ ತುಂಡುಗಳನ್ನು ಗೇಣಿಗೊಂದರಂತೆ ಸಾಲಾಗಿ ನಾಟಿ ಮಾಡಬೇಕು. ರಾಗಿ ಪೈರು ನಾಟಿ ಮಾಡಿ ಬಲ್ಲ ಕೈಗಳು ಈ ಹೋಬಳಿಯಲ್ಲಿ ಬೇಕಾದಷ್ಟಿವೆ, ವಿದ್ಯಾರ್ಥಿಗಳದೂ ಸೇರಿದಂತೆ. ಸೆಪ್ಟೆಂಬರಿನ ಮಳೆಗೆ ಬಳ್ಳಿಗಳು ಒಂದನ್ನೊಂದು ಮುಟ್ಟುತ್ತವೆ. ಎರಡು ಮೂರು ಸಲ ಕತ್ತರಿಸಿ, ಹಗುರವಾದ ರೋಲರ್ ಉರುಳಿಸಿದರೆ, ದೀಪಾವಳಿಯ ರಜೆ ಮುಗಿದು ಕಾಲೇಜು ತೆರೆಯುವ ಹೊತ್ತಿಗೆ ಮೊದಲ ಪಂದ್ಯ ಆಡಬಹುದು.